ಮುದ್ದಯ್ಯನ ಕಾಲು

ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ, ಅಂದರೆ ೧೯೫೬ರಲ್ಲಿ, ಚೌಡೇಶ ತನ್ನಪ್ಪನಿಗೆ ಒಂದು ಮಾತು ಕೊಟ್ಟ. "ಇನ್ನ್ಯಾವತ್ತೂ ನಿನ್ ಕಾಲ ಸ್ಟೇಜ್ ಮ್ಯಾಕೆ ತರಕಿಲ್ಲ ಕಣಪ್ಪ."

ಕಾಲಿನ ವಿಷಯ ಹೀಗೆ. ಅಪ್ಪ ಮುದ್ದಯ್ಯ ರೇಷ್ಮೆ ಸೀರೆ ನೇಯುವವನು. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿದೂ ತುಳಿದೂ, ಮಗ್ಗದಿಂದ ಎದ್ದ ಮೇಲೂ ಆ ಕಾಲು ಕೆಲಸ ಬಿಡುತ್ತಿರಲಿಲ್ಲ. ಉಣ್ಣಲು ಕೂತರೆ ತುಳಿಯುವುದು, ಕ್ಷೌರಕ್ಕೆ ಕೂತರೆ ತುಳಿಯುವುದು, ಸಾವಿನ ಮನೆಯ ಜಗಲಿಯಲ್ಲೂ ಒಂದು ಮೇಲೆ, ಒಂದು ಕೆಳಗೆ. ಬೀದಿಯವರೆಲ್ಲ ನೇಕಾರರೇ, ಅರ್ಧ ಬೀದಿಗೆ ಅದೇ ಚಟ. ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಗನ ಕಣ್ಣಿಗೆ ಬಿತ್ತು.

ಮೈಸೂರು ಸೇರಿದ ಸಂಭ್ರಮಕ್ಕೆ ಒಂದು ನಾಟಕವಾಯಿತು. ಚೌಡೇಶನದು ಮಂತ್ರಿಯ ಆಳಿನ ಪಾತ್ರ, ಎರಡೇ ಮಾತು. ಎರಡನ್ನೂ ಮರೆತ. ಗಾಬರಿಯಲ್ಲಿ ಮಂತ್ರಿಯ ಕುರ್ಚಿ ಮೇಲೆ ಕೂತು ಅಪ್ಪನ ಹಾಗೆ ಕಾಲಾಡಿಸಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಯಬೇಕಾಗಿದ್ದ ರಾಜ, ನಗು ನಿಂತ ಮೇಲೆ ಸಾಯೋಣವೆಂದು ಕತ್ತಿ ಹಿಡಿದು ಕಾಯುತ್ತ ನಿಂತಿದ್ದ.

ಮಾರನೆಯ ದಿನ ಮುದ್ದಯ್ಯ ಸೀರೆ ತೆಗೆದುಕೊಂಡು ಸಾಹುಕಾರ ಗುರುಪಾದಸ್ವಾಮಿಯ ಅಂಗಡಿಗೆ ಹೋದ. ಸಾಹುಕಾರ ದಿಂಬಿಗೆ ಒರಗಿದ್ದವನು, ಸೀರೆ ಬಿಚ್ಚುವ ಮೊದಲು ಎರಡೂ ಕಾಲು ಚಾಚಿ ತುಳಿದು ತೋರಿಸಿದ. ಗುಮಾಸ್ತರಿಗೆ ನಗುವುದೂ ಸಂಬಳದ ಕೆಲಸವೇ, ನಕ್ಕರು.

ಮುದ್ದಯ್ಯ ಮನೆಗೆ ಬಂದು ಹೊಡೆಯಲಿಲ್ಲ, ಬಯ್ಯಲಿಲ್ಲ. "ಇಷ್ಟ್ ವರ್ಸ ಆ ಅಂಗಡೀಲಿ ನನ್ ಸೀರೆ ನೋಡೋರು. ಇವತ್ತು ಕಾಲ್ ನೋಡುದ್ರು. ನಾಳೀಕೂ ನಾನು ಅಲ್ಲೇ ಓಗಿ ಕೂತ್ಕಬೇಕು ಕಣ್ಲಾ," ಎಂದ. ಆಗ ಚೌಡೇಶ ಕೊಟ್ಟ ಮಾತು ಅದು.

ಮಾತು ಉಳಿಸಿಕೊಂಡ ತಪ್ಪಿಗೆ ಅವನ ಕಲಾಜೀವನ ಇಪ್ಪತ್ತು ವರ್ಷ ಬಹಳ ಪ್ರಾಮಾಣಿಕವಾಗಿ ನೆಲಕಚ್ಚಿತು. ಯಳಂದೂರಿನಲ್ಲಿ ಕುಡುಕನಾದ, ನಿಜವಾದ ಕುಡುಕರೂ ನಗಲಿಲ್ಲ. ಹನೂರಿನಲ್ಲಿ ಹೆಣ್ಣುವೇಷ ಕಟ್ಟಿದ, ಒಬ್ಬ ಮುದುಕ ಬಂದು ಯಾವೂರಮ್ಮ ಎಂದು ವಿಚಾರಿಸಿದ. ಬಂಡಳ್ಳಿಯಲ್ಲಿ ನಗಿಸಲೆಂದು ಜಾರಿ ಬಿದ್ದರೆ ಜನ ಓಡಿಬಂದು ನೀರು ಕುಡಿಸಿದರು. ಹಾಸ್ಯಗಾರನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇನ್ನೇನು ಬೇಕು.

ಮನೆಗೆ ಬಂದರೆ ಹೆಂಡತಿ ವಿಜಯಮ್ಮ ರಾಟೆ ತಿರುಗಿಸುತ್ತ ಕೇಳುತ್ತಿದ್ದಳು. "ಇವತ್ತಾರೂ ನಕ್ರಾ?"

"ಮುಂದಿನ ಸಾಲ್ನೋರು ನಕ್ಕಂಗಾಯ್ತು."

"ಮುಂದಿನ ಸಾಲಲ್ಲಿ ಕೂರೋವು ಐಕಳು. ನಾಯಿ ಓಡೋದ್ರೂ ನಗ್ತವೆ."

ಮದರಾಸಿಗೆ ಟೀವಿ ಬಂದ ಮರುವರ್ಷ, ಸಾಹುಕಾರನ ಸೀರೆಮೂಟೆ ತಲುಪಿಸಲು ಅಲ್ಲಿಗೆ ಹೋದ ಚೌಡೇಶ ಒಂದು ನಾಟಕದ ತಂಡಕ್ಕೆ ಗಂಟುಬಿದ್ದ. ತಂಡದವರು ಟೀವಿಗೆ ವಾರವಾರವೂ ಹಾಸ್ಯ ಮಾಡುತ್ತಿದ್ದರು. ಅಡುಗೆಯವನ ಪಾತ್ರ ಖಾಲಿಯಿತ್ತು. ಊರಿನಲ್ಲಿ ಅವನ ಕನ್ನಡ ತಮಿಳಿನ ಹಾಗಿದೆ ಅನ್ನುತ್ತಿದ್ದರು, ಅಲ್ಲಿ ಅವನ ತಮಿಳು ಕನ್ನಡದ ಹಾಗಿದೆ ಅಂದರು. ಎರಡು ರಾಜ್ಯಗಳು ಜಗಳವಿಲ್ಲದೆ ಒಪ್ಪಿಕೊಂಡ ವಿಷಯ ಇದೊಂದೇ ಇರಬೇಕು.

ತಾಲೀಮಿನಲ್ಲಿ ಯಾರೂ ನಗಲಿಲ್ಲ. ತಂಡದ ಯಜಮಾನ, ನಾಳೆ ಬೇರೆಯವರನ್ನು ನೋಡೋಣ ಎಂದ. ಚೌಡೇಶ ಯೋಚಿಸಿದ. ಕೊಳ್ಳೇಗಾಲದಲ್ಲಿ ಟೀವಿ ಇಲ್ಲ. ಹನೂರಿನಲ್ಲೂ ಇಲ್ಲ. ಅಪ್ಪ ಸಾಯುವ ತನಕ ಬರುವುದೂ ಇಲ್ಲ. ಅದೂ ಅಲ್ಲದೆ, ತಾನು ಮಾತು ಕೊಟ್ಟದ್ದು ಸ್ಟೇಜಿನ ವಿಷಯಕ್ಕೆ, ಇದೋ ಗಾಜಿನ ಪೆಟ್ಟಿಗೆ. ಇಂಥ ನ್ಯಾಯ ಹೊಳೆಯುವುದಕ್ಕೆ ವಕೀಲನೇ ಆಗಬೇಕಿಲ್ಲ. ಮುಕ್ಕಾಲಿಯ ಮೇಲೆ ಕೂತು, ಈರುಳ್ಳಿ ಹೆಚ್ಚುತ್ತ ತುಳಿಯತೊಡಗಿದ.

ಮದರಾಸು ನಕ್ಕಿತು. ವಾರವಾರವೂ ನಕ್ಕಿತು. ಆಮೇಲೆ ಅವನು ಮಾತು ಕಲಿಯುವುದನ್ನೇ ಬಿಟ್ಟ, ಕಾಲೊಂದಿದ್ದರೆ ಸಾಕಾಗಿತ್ತು.

ಒಂದನ್ನು ಮಾತ್ರ ಮರೆತಿದ್ದ. ಕೊಳ್ಳೇಗಾಲದ ಸೀರೆ ಹೋಗುವುದೇ ಮದರಾಸಿಗೆ, ಹಬ್ಬ ಹತ್ತಿರ ಬಂದರೆ ಸೀರೆಯ ಹಿಂದೆ ಸಾಹುಕಾರನೂ ಹೋಗುತ್ತಾನೆ. ಗುರುಪಾದಸ್ವಾಮಿ ಒಬ್ಬ ಗಿರಾಕಿಯ ಮನೆಯಲ್ಲಿ ಕಾಫಿ ಕುಡಿಯುತ್ತ ಟೀವಿ ನೋಡಿದ. ಊರಿಗೆ ಬಂದವನೇ ತುಂಬಿದ ಅಂಗಡಿಯಲ್ಲಿ ಹೇಳಿದ. "ಮುದ್ದಯ್ಯ, ನಿನ್ ಕಾಲು ಮದ್ರಾಸಲ್ಲಿ ಬಾರೀ ಎಸ್ರು ಮಾಡ್ಯದೆ ಕಣಯ್ಯ. ನೀನು ಇಲ್ಲೇ ಇದ್ದೀಯಲ್ಲ."

ದೀಪಾವಳಿಗೆ ಚೌಡೇಶ ಪ್ಯಾಂಟು, ಕಪ್ಪು ಕನ್ನಡಕದ ಸಮೇತ ಬಂದ. ಟೀವಿಯನ್ನೇ ಕಾಣದ ಬೀದಿ ಟೀವಿಯವನನ್ನು ನೋಡಲು ಬಾಗಿಲವರೆಗೂ ಬಂತು. ಮುದ್ದಯ್ಯ, "ಬಂದ್ಯಾ? ಕೈಕಾಲ್ ತೊಳ್ಕಂಡ್ ಬಾ, ಉಣ್ಣೀವೆ," ಎಂದ, ಅಷ್ಟೇ.

ಉಣ್ಣಲು ಅಪ್ಪ ಮಗ ಎದುರುಬದುರು ಕೂತರು. ಬಡಿಸುತ್ತಿದ್ದ ವಿಜಯಮ್ಮ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಮುದ್ದಯ್ಯ ಎರಡೂ ಪಾದಗಳನ್ನು ತೊಡೆಯಡಿಗೆ ಸೇರಿಸಿ, ಮೇಲೆ ಪಂಚೆ ಎಳೆದು, ಎಡಗೈಯಲ್ಲಿ ಮಂಡಿ ಒತ್ತಿ ಹಿಡಿದು ಉಣ್ಣುತ್ತಿದ್ದ. ಕಾಲು ಅಲ್ಲಾಡುತ್ತಿರಲಿಲ್ಲ.

"ಕಾಲ್ ನೋಯ್ತದಾ ಅಪ್ಪ?"

"ಇಲ್ಲ. ನೋಡೋರು ಇರ್ತಾರಲ್ಲ."

"ಇಲ್ಯಾರವ್ರೆ? ನಾನೊಬ್ಬ ತಾನೆ."

"ಅದುಕ್ಕೇಯ," ಎಂದು ಮುದ್ದಯ್ಯ ಸಾರಿಗೆ ತಟ್ಟೆ ಚಾಚಿದ.

ಚೌಡೇಶ ೧೯೫೬ರಲ್ಲಿ ಕೊಟ್ಟ ಮಾತನ್ನು ಮುರಿದಿದ್ದ.