ಮಗು ಮಲಗಿದೆ, ಸದ್ದು ಮಾಡಬೇಡಿ

ಮೂವತ್ತೊಂದು ವರ್ಷ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದವಳಿಗೆ ಜನರ ಬಾಯಿ ಮುಚ್ಚಿಸುವುದು ಹೊಸದೇನಲ್ಲ. ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿನಿಂದ ಬಂದು ನಿಂತು "ಶ್ಶ್" ಎಂದರೆ ಸಾಕು, ಕಾಲೇಜು ಹುಡುಗರಿರಲಿ, ಪಿಂಚಣಿ ಮುದುಕರಿರಲಿ, ಕೂತ ಕುರ್ಚಿಯಲ್ಲೇ ಕುಗ್ಗಿಹೋಗುತ್ತಿದ್ದರು. ಹಾಗಾಗಿ ಅವಳಿಗೆ ಶ್ಶಮ್ಮ ಅಂತಲೇ ಹೆಸರು ಬಿದ್ದಿತ್ತು. ನಿವೃತ್ತಿಯ ದಿನ ಭಾಷಣ ಮಾಡಿದ ಮೇಲಧಿಕಾರಿಯೂ ಬಾಯಿ ತಪ್ಪಿ ಅದೇ ಹೆಸರು ಹೇಳಿಬಿಟ್ಟರು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಆದರೆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಕಿವಿ ಪರೀಕ್ಷೆಯ ಕೋಣೆಯ ಮುಂದೆ, ಅವಳ "ಶ್ಶ್"ಗೆ ಮೂರು ಕಾಸಿನ ಬೆಲೆ ಇರಲಿಲ್ಲ.

ಹೆಗಲ ಮೇಲೆ ಮೊಮ್ಮಗ ಮಲಗಿದ್ದ. ಒಂದೂವರೆ ವರ್ಷದ ಕೂಸು. ಇನ್ನೂ ಅಮ್ಮ ಅಂದಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ ಎಂದು ಅವನ ತಾಯಿ, ಅಂದರೆ ಶ್ಶಮ್ಮನ ಮಗಳು, ಆರು ತಿಂಗಳಿಂದ ಕೊರಗುತ್ತಿದ್ದಳು. ಮಕ್ಕಳ ಡಾಕ್ಟರೂ ಮುಖ ಗಂಟು ಹಾಕಿ, ಒಮ್ಮೆ ಕಿವಿ ತೋರಿಸಿಬಿಡಿ ಎಂದಿದ್ದರು. ಶ್ಶಮ್ಮನಿಗೆ ಇದೆಲ್ಲ ಅತಿಯೆನಿಸಿತ್ತು. "ನೀನೂ ಮೂರು ವರ್ಷ ತುಂಬೋವರೆಗೆ ತುಟಿ ಬಿಚ್ಚಿರ್ಲಿಲ್ಲ ಕಣೇ. ಈಗ ನೋಡು, ಬಾಯಿ ಮುಚ್ಚಿಸೋಕೇ ಆಗಲ್ಲ" ಎಂದು ಮಗಳನ್ನು ಗದರಿಸಿದ್ದಳು. ಆದರೂ ಒಳಗೊಳಗೇ ಅವಳಿಗೂ ಒಂದು ಅಳುಕಿತ್ತು. ಪರೀಕ್ಷೆಯಾಗಿ, ಏನೂ ತೊಂದರೆಯಿಲ್ಲ ಎಂಬ ಒಂದು ಕಾಗದ ಕೈಗೆ ಬಂದರೆ ಅವಳ ಜೀವ ತಣ್ಣಗಾಗುತ್ತಿತ್ತು.

ಆ ಪರೀಕ್ಷೆ ಸುಲಭದ್ದಲ್ಲ. ಮಗು ಗಾಢವಾಗಿ ನಿದ್ದೆ ಮಾಡುತ್ತಿರಬೇಕು, ಅದೂ ತಾನಾಗಿಯೇ. ಹಣೆಗೂ ಕಿವಿಯ ಹಿಂದಕ್ಕೂ ತಂತಿಯ ಬಿಲ್ಲೆ ಅಂಟಿಸಿ, ಕಿವಿಯೊಳಗೆ ಸಣ್ಣ ಸದ್ದು ಬಿಟ್ಟರೆ, ತಲೆಯೊಳಗೆ ಆ ಸದ್ದು ಮುಟ್ಟಿತೋ ಇಲ್ಲವೋ ಎಂದು ಯಂತ್ರ ಗೆರೆ ಎಳೆದು ತೋರಿಸುತ್ತದಂತೆ. ಮಗು ಎದ್ದು ಕೈಕಾಲು ಬಡಿದರೆ ಗೆರೆಯೆಲ್ಲ ಕಲಸಿಹೋಗಿ, ಮತ್ತೆ ಮೂರು ವಾರದ ನಂತರದ ತಾರೀಖು. ಅದಕ್ಕೇ ಮಗುವನ್ನು ನಸುಕಿನಲ್ಲೇ ಎಬ್ಬಿಸಿ, ದಾರಿಯುದ್ದಕ್ಕೂ ಕಣ್ಣು ಮುಚ್ಚಗೊಡದೆ ಕರೆತಂದು, ಇಲ್ಲಿ ಹಾಲು ಕುಡಿಸಿ ಮಲಗಿಸಬೇಕು. ಹೀಗೆ ಎರಡು ಸಲ ಬಂದಿದ್ದರು. ಎರಡು ಸಲವೂ ಒಳಗೆ ಹೋಗಿ ಐದು ನಿಮಿಷವಾಗುವಷ್ಟರಲ್ಲಿ ಪರೀಕ್ಷೆ ಮಾಡುವ ಹುಡುಗಿ "ಎದ್ದುಬಿಟ್ಟ" ಎಂದು ಕೈಚೆಲ್ಲಿದ್ದಳು. ಶ್ಶಮ್ಮನ ಪ್ರಕಾರ ಇದಕ್ಕೆಲ್ಲ ಕಾರಣ ಹೊರಗೆ ಕೂತು ಗಲಾಟೆ ಮಾಡುವ ಜನ.

ಜನವಾದರೂ ಎಂಥವರು! ಬಾಗಿಲ ಮೇಲೆ ಅಂಗೈಯಗಲದ ಅಕ್ಷರದಲ್ಲಿ "ಮಗು ಮಲಗಿದೆ, ಸದ್ದು ಮಾಡಬೇಡಿ" ಎಂದು ಬರೆದಿತ್ತು. ಅದಕ್ಕೇ ಬೆನ್ನು ಕೊಟ್ಟು ನಿಂತ ಒಬ್ಬ ಹೆಂಗಸು ತನ್ನ ವಾರಗಿತ್ತಿಯ ಜಾತಕ ಬಿಚ್ಚುತ್ತಿದ್ದಳು. ಒಬ್ಬ ಯುವಕ ಎದುರಿನ ಕುರ್ಚಿಯ ಮೇಲೆ ಬೂಟುಗಾಲು ಚಾಚಿ ಫೋನಿನಲ್ಲಿ ಆಟ ನೋಡುತ್ತಿದ್ದ, ಕಾಮೆಂಟ್ರಿ ಸಮೇತ. ಮೂಲೆಯಲ್ಲಿ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡ ಒಬ್ಬ ಬಾಣಂತಿ ಮಾತ್ರ ಯಾರಿಗೂ ಏನೂ ಅನ್ನಲಾರದೆ ಮುದುಡಿ ಕೂತಿದ್ದಳು. ಗಲಾಟೆಯವರಿಗೆಲ್ಲ ದೊಡ್ಡಣ್ಣ ಎಂದರೆ, ನಾಲ್ಕು ಸೀಟಿನ ಕಬ್ಬಿಣದ ಬೆಂಚಿನಲ್ಲಿ ಎರಡೂವರೆ ಸೀಟು ತುಂಬಿ ಕೂತಿದ್ದ ಒಬ್ಬ ಭಾರಿ ಆಸಾಮಿ. ಅಪ್ಪನ ಕಿವಿ ಮೆಷಿನ್ನನ್ನು ರಿಪೇರಿಗೆ ತಂದವನು, ಫೋನನ್ನು ಸ್ಪೀಕರಿಗೆ ಹಾಕಿ ಬಾಯಿಯ ಮುಂದೆ ತಟ್ಟೆಯಂತೆ ಹಿಡಿದು, ಮನೆಗೆ ಬಣ್ಣ ಹೊಡೆಯುವವನ ಮೇಲೆ ಹರಿಹಾಯುತ್ತಿದ್ದ.

"ಬಿಳಿ ಅಂದ್ರೆ ಬಿಳಿ ಕಣಯ್ಯಾ! ನೀನು ಹೊಡ್ದಿರೋದು ಹಳೇ ಹಲ್ಲಿನ ಬಣ್ಣ!"

ಶ್ಶಮ್ಮ ಮನಸ್ಸಿನಲ್ಲೇ ಅವನಿಗೆ ಸ್ಪೀಕರಪ್ಪ ಎಂದು ನಾಮಕರಣ ಮಾಡಿದಳು. ಮೊದಲು ಒಂದು "ಶ್ಶ್" ಬಿಟ್ಟಳು. ಎಮ್ಮೆಯ ಮೇಲೆ ಮಳೆ ಸುರಿದಂತಾಯಿತು. ಎದ್ದು ಹತ್ತಿರ ಹೋಗಿ, "ಸ್ವಲ್ಪ ಮೆತ್ತಗೆ ಮಾತಾಡಪ್ಪಾ, ಮಗು ಮಲಗಿದೆ" ಎಂದಳು. ಅವನು ಒಂದು ಬೆರಳೆತ್ತಿ, ಒಂದೇ ನಿಮಿಷ ಎಂಬಂತೆ ತೋರಿಸಿದ. ಆ ಒಂದು ನಿಮಿಷ ಹತ್ತಾದರೂ ಮುಗಿಯಲಿಲ್ಲ. ಮಗಳು ಫೈಲು ಹಿಡಿದು ಕೆಳಗಿನ ಕೌಂಟರಿನ ಸಾಲಿನಲ್ಲಿ ನಿಂತಿದ್ದಳು. ಚೀಟಿ ತಂದ ಕೂಡಲೇ ಒಳಗೆ ಕರೆಯುತ್ತಾರೆ. ಅಲ್ಲಿಯವರೆಗೆ ಈ ನಿದ್ದೆಯನ್ನು ಹೇಗಾದರೂ ಕಾಯಬೇಕಿತ್ತು. ಶ್ಶಮ್ಮನಿಗೆ ಮೈಯೆಲ್ಲ ಉರಿಯಿತು.

"ರೀ ಸ್ವಾಮಿ, ಇದೇನು ನಿಮ್ಮಪ್ಪನ ಮನೆ ಜಗಲಿನಾ? ಬೋರ್ಡ್ ಓದೋಕೆ ಬರಲ್ವಾ?"

"ಅಜ್ಜೀ, ಇದು ಆಸ್ಪತ್ರೆ, ಲೈಬ್ರರಿ ಅಲ್ಲ," ಎಂದ ಅವನು, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ. "ನಮ್ಮಪ್ಪಂಗೆ ಕಿವಿ ಕೇಳಲ್ಲ. ಮನೇಲಿ ಕೂಗಿ ಕೂಗಿ ನನ್ ಗಂಟಲೇ ಹಿಂಗಾಗಿದೆ. ಏನ್ ಮಾಡ್ಲಿ?"

"ಅದು ನಿಮ್ಮನೆ ಕಥೆ! ನನ್ ಮೊಮ್ಮಗನಿಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ. ನಿಮ್ ಗಂಟಲಿಗೆ ಇವ್ನು ಎದ್ದುಬಿಟ್ರೆ ಇನ್ನು ಮೂರು ವಾರ ಕಾಯೋರು ಯಾರು, ನೀವಾ?"

ಮೂವತ್ತೊಂದು ವರ್ಷ ಪಿಸುಮಾತಿನಲ್ಲೇ ಬದುಕಿದವಳ ಗಂಟಲಿನಿಂದ ಇಷ್ಟು ದೊಡ್ಡ ದನಿ ಹೊರಟಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ವಾರಗಿತ್ತಿಯ ಕಥೆ ಅರ್ಧಕ್ಕೇ ನಿಂತಿತು. ಎಲ್ಲರೆದುರು ಮರ್ಯಾದೆ ಹೋಯಿತೆಂದು ಸ್ಪೀಕರಪ್ಪನ ಮುಖ ಕೆಂಪಾಯಿತು. "ಬಾಯಿಗೆ ಬಂದಂಗೆ ಮಾತಾಡ್ಬೇಡಿ!" ಎಂದು ಅವನು ದಡಕ್ಕನೆ ಮೇಲೆದ್ದ.

ಅಷ್ಟು ಭಾರ ಒಮ್ಮೆಗೇ ಮೇಲೆದ್ದರೆ ಬಡಪಾಯಿ ಬೆಂಚು ಏನು ಮಾಡೀತು? ಮೊದಲೇ ಒಂದು ಕಾಲಿನ ಬೋಲ್ಟು ಸಡಿಲವಾಗಿತ್ತು. ಅದು ಹಿಂದಕ್ಕೆ ವಾಲಿ, ಗೋಡೆಯ ಬದಿಯಲ್ಲಿದ್ದ ಸ್ಟೀಲಿನ ಕಸದ ಡಬ್ಬಿಯ ಮೇಲೆ ಧಡಾರ್ ಎಂದು ಬಿತ್ತು. ಗೋಡೆಯೇ ಕುಸಿಯಿತೇನೋ ಅನ್ನಿಸುವಂಥ ಸದ್ದು. ಡಬ್ಬಿಯ ಮುಚ್ಚಳ ಹಾರಿ, ಕಲ್ಲಿನ ನೆಲದ ಮೇಲೆ ಗಣಗಣ ಉರುಳಿ, ಗಿರಗಿರ ಸುತ್ತಿ ಸುತ್ತಿ ಕೊನೆಗೊಮ್ಮೆ ಬೋರಲಾಯಿತು. ಬಾಗಿಲ ಬಳಿಯ ಹೆಂಗಸು ಚೀರಿದಳು. ಯುವಕನ ಕೈಯಿಂದ ಫೋನು ಬಿತ್ತು. ಬಾಣಂತಿಯ ಮಡಿಲಲ್ಲಿದ್ದ ಹಸುಗೂಸು ಮೈಯೆಲ್ಲ ಬೆಚ್ಚಿ, ಉಸಿರು ಕಟ್ಟುವಂತೆ ಅಳತೊಡಗಿತು.

ಶ್ಶಮ್ಮ ಕಣ್ಣು ಬಿಗಿಯಾಗಿ ಮುಚ್ಚಿ, ಹೆಗಲ ಮೇಲಿನಿಂದ ಬರಬೇಕಾದ ಅಳುವಿಗಾಗಿ ಕಾದಳು.

ಅಳು ಬರಲಿಲ್ಲ. ಮೆಲ್ಲನೆ ಬಗ್ಗಿ ನೋಡಿದಳು. ಮಗು ಹಾಯಾಗಿ ಮಲಗಿತ್ತು. ತುಟಿಯಂಚಿನಿಂದ ಜೊಲ್ಲು ಇಳಿದು ಅವಳ ಸೀರೆಯನ್ನು ಒದ್ದೆ ಮಾಡಿತ್ತು.

"ಸದ್ಯ!" ಎಂದಳು ಅವಳು. ಮುಖ ಅರಳಿತು. "ನೋಡಿದ್ರಾ? ನಿಮ್ಮ ಇಷ್ಟು ರಂಪಕ್ಕೂ ನನ್ನ ಕಂದ ಏಳಲಿಲ್ಲ! ಬಂಗಾರ ಕಣಪ್ಪಾ ನೀನು!"

ಅವಳು ಗೆದ್ದ ಸಂಭ್ರಮದಲ್ಲಿ ಸ್ಪೀಕರಪ್ಪನ ಕಡೆ ತಿರುಗಿದಳು. ಅವನು ಬಿದ್ದ ಬೆಂಚನ್ನೂ ನೋಡುತ್ತಿರಲಿಲ್ಲ, ಅವಳನ್ನೂ ನೋಡುತ್ತಿರಲಿಲ್ಲ. ಮಗುವನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಕೋಪವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಅಪ್ಪನ ಇಂಥ ನಿದ್ದೆಯನ್ನು ಅವನು ಮನೆಯಲ್ಲಿ ದಿನವೂ ಕಂಡವನು. ಆಮೇಲೆ ಶ್ಶಮ್ಮ ಬಾಣಂತಿಯನ್ನು ನೋಡಿದಳು. ಅವಳು ಅಳುವ ಕೂಸನ್ನು ಎದೆಗೊತ್ತಿಕೊಂಡು, ಕಣ್ಣಿಗೆ ಕಣ್ಣು ಕೊಡಲಾರದೆ ತಲೆ ತಗ್ಗಿಸಿದಳು.

ಆಗ ಶ್ಶಮ್ಮ ಮತ್ತೊಮ್ಮೆ ಮಗುವಿನ ಮುಖ ನೋಡಿದಳು. ಕಳೆದ ಸಲ ಮಗು ಏಳುವ ಹೊತ್ತಿನಲ್ಲಿ ಪರೀಕ್ಷೆಯ ಹುಡುಗಿ ಏನು ಮಾಡುತ್ತಿದ್ದಳು? ಬಿಲ್ಲೆ ಅಂಟಿಸಲು ಹತ್ತಿಯಿಂದ ಹಣೆ ಉಜ್ಜುತ್ತಿದ್ದಳು. ಅದರ ಹಿಂದಿನ ಸಲವೂ ಅಷ್ಟೇ, ಹಣೆ ಉಜ್ಜುವಾಗಲೇ ಎದ್ದಿದ್ದು. ಮುಟ್ಟಿದಾಗ ಎದ್ದಿದ್ದ, ಎರಡು ಸಲವೂ. ಅವಳು ಪಕ್ಕದ ಕುರ್ಚಿಯಲ್ಲಿ ಕುಸಿದು, ಮಗುವನ್ನು ಮಡಿಲಿಗೆ ಇಳಿಸಿಕೊಂಡಳು.

"ಇನ್ನೊಂದ್ಸಲ," ಎಂದಳು ಸ್ಪೀಕರಪ್ಪನಿಗೆ.

"ಏನಮ್ಮಾ?"

"ಫೋನು. ಸ್ಪೀಕರ್ ಹಾಕಿ. ಜೋರಾಗಿ."

"ಬೇಡಮ್ಮಾ..." ಅಷ್ಟು ದೊಡ್ಡ ಆಸಾಮಿಯ ದನಿ ಈಗ ಅವನಿಗೇ ಕೇಳಿಸುವಂತಿರಲಿಲ್ಲ. "ಒಳಗೆ ಪರೀಕ್ಷೆ ಮಾಡ್ತಾರಲ್ಲ, ಅವ್ರೇ ಹೇಳ್ತಾರೆ."

"ಬೇಡ ಬೇಡ ಅಂತ ಬಡ್ಕೊಂಡಾಗ ಹಾಕಿದ್ರಿ. ಈಗ ಹಾಕ್ರಪ್ಪಾ ಅಂದ್ರೆ ಆಗಲ್ವಾ? ನಿಮ್ಮ ಕಾಲು ಹಿಡೀತೀನಿ, ಹಾಕಿ!"

ಅವನು ಬಂದು ಅವಳ ಮುಂದೆ ಮಂಡಿಯೂರಿದ. ಫೋನಿನ ದನಿಯನ್ನು ಪೂರಾ ಏರಿಸಿ, ರಿಂಗ್‌ಟೋನ್ ಹಚ್ಚಿ, ಮಗುವಿನ ಕಿವಿಯ ಹತ್ತಿರ ಹಿಡಿದ. ತಮಟೆಯೋ, ತುತ್ತೂರಿಯೋ, ಏನೇನೋ ಸೇರಿದ ಕರ್ಕಶ ಗದ್ದಲ. ಮಗು ಒಮ್ಮೆ ತುಟಿ ಚಪ್ಪರಿಸಿ, ಅಜ್ಜಿಯ ಹೊಟ್ಟೆಗೆ ಮುಖ ಒತ್ತಿಕೊಂಡು ನಿದ್ದೆ ಮುಂದುವರಿಸಿತು. ಫೋನು ತಾನಾಗಿಯೇ ನಿಂತಿತು.

ಅಷ್ಟರಲ್ಲಿ ಮೆಟ್ಟಿಲ ಬಳಿ ಮಗಳು ಕಾಣಿಸಿಕೊಂಡಳು. ಕೈಯಲ್ಲಿ ಚೀಟಿ, ಹಣೆಯಲ್ಲಿ ಬೆವರು. ಬಿದ್ದ ಬೆಂಚು, ಮಂಡಿಯೂರಿದ ಗಂಡಸು, ಅಳುತ್ತಿರುವ ಯಾರದೋ ಕೂಸು, ಒಂದೂ ಅವಳಿಗೆ ಅರ್ಥವಾಗಲಿಲ್ಲ. ದೂರದಿಂದಲೇ ಗಾಬರಿಯಿಂದ ಕೈಸನ್ನೆ ಮಾಡಿ ಕೇಳಿದಳು: ಎದ್ದನಾ?

ಶ್ಶಮ್ಮ ಇಲ್ಲವೆಂದು ತಲೆಯಾಡಿಸಿದಳು.

ಮಗಳ ಮುಖದಲ್ಲಿ ಜೀವ ಬಂತು. ಚಪ್ಪಲಿಯನ್ನು ಅಲ್ಲೇ ಬಿಟ್ಟು, ತುದಿಗಾಲಿನಲ್ಲಿ ಓಡಿಬಂದು, ತಾಯಿಯ ಕಿವಿಯಲ್ಲಿ ಪಿಸುಗುಟ್ಟಿದಳು: "ಪುಣ್ಯ ಕಣಮ್ಮಾ, ಹಂಗೇ ಇರ್ಲಿ. ಮೆತ್ತಗೆ ಎತ್ಕೊಡು. ಯಾರೂ ಸದ್ದು ಮಾಡ್ಬಾರ್ದು ಅಷ್ಟೇ."

ಶ್ಶಮ್ಮ ಮಗುವಿನ ತಲೆ ಸವರಿದಳು. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಪಿಸುಗುಟ್ಟಬೇಡ ಕಣೇ," ಎಂದಳು. "ಗಟ್ಟಿಯಾಗೇ ಮಾತಾಡು. ಏನೂ ಆಗಲ್ಲ."