ತೊಳೆದರೂ ಹೋಗದ್ದು

“ನಾನು ಕತ್ತಲಲ್ಲಿದ್ದೆ,” ಎಂದ ತಮ್ಮ, ಹಾಸಿಗೆ ಹೊದಿಕೆಯೊಂದನ್ನು ಮಡಚುತ್ತ. “ಕುಡಿತದ ದಾಸನಾಗಿದ್ದೆ.”

ಅಕ್ಕನ ಕೈಯ ಇಸ್ತ್ರಿಪೆಟ್ಟಿಗೆ ಯಾರದೋ ಅಂಗಿಯ ಕಾಲರಿನ ಮೇಲೆ ಹಾಗೇ ನಿಂತುಬಿಟ್ಟಿತು. ಬಟ್ಟೆ ಕಮರುವ ಮೊದಲೇ ಎತ್ತಿಕೊಂಡಳು.

“ಯಾವಾಗ ಕುಡಿದಿದ್ದೆ ನೀನು?”

“ಅಕ್ಕಾ, ಇದು ಸಾಕ್ಷಿ. ಭಾನುವಾರ ಸಭೇಲಿ, ದೀಕ್ಷಾಸ್ನಾನಕ್ಕೆ ನೀರಲ್ಲಿ ಮುಳುಗೋ ಮೊದಲು, ಎಲ್ಲರ ಮುಂದೆ ಹೇಳ್ಬೇಕು. ಬಾಯಿಪಾಠ ಮಾಡ್ತಿದೀನಿ, ಮಧ್ಯ ಬಾಯಿ ಹಾಕ್ಬೇಡ.”

“ಸಾಕ್ಷಿ ಅಂದ್ರೆ ನಡೆದದ್ದು ಹೇಳೋದು ಕಣೋ. ಗೆಳೆಯನ ಮದುವೇಲಿ ಅರ್ಧ ಲೋಟ ಕುಡಿದು ಬೆಳಗಾಗೋವರೆಗೂ ಬಕೆಟ್ ಮುಂದೆ ಕೂತಿದ್ಯಲ್ಲ, ಅದಾ? ಬಕೆಟ್ ಹಿಡಿದವಳು ನಾನು. ದಾಸನಾಗೋಕೆ ಅರ್ಧ ಲೋಟ ಸಾಕಾ?”

“ಎಲ್ಲರ ಸಾಕ್ಷೀಲೂ ಒಂದು ಕತ್ತಲು ಇರುತ್ತೆ. ನಂದ್ರಲ್ಲಿ ಏನೂ ಇಲ್ದಿದ್ರೆ ಹೇಗೆ?” ತಮ್ಮ ಗಂಟಲು ಸರಿಮಾಡಿಕೊಂಡು ಮುಂದುವರಿಸಿದ. “ನನ್ನ ಮನೆಯಲ್ಲಿ ಬೊಂಬೆಗಳಿದ್ದವು, ಯೇಸು ಇರಲಿಲ್ಲ. ನನ್ನನ್ನು ಆತನ ಬಳಿಗೆ ಕರೆದುಕೊಂಡು ಹೋದವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.”

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟಳು. ಕುಡಿತದ ಮಾತಿಗೆ ನಗಬಹುದಿತ್ತು. ಈ ಮಾತು ನೆಟ್ಟಗೆ ಎದೆಗೇ ಬಂದು ಬಡಿದಿತ್ತು.

ಗಲ್ಲಿಯವರೆಲ್ಲ ಅವಳನ್ನು ಕರೆಯುವುದು ಇಸ್ತ್ರಿ ಅಕ್ಕ ಎಂದು. ಮುಂದೆ ಅಂಗಡಿ, ನಡುವೆ ಅಡುಗೆಮನೆ ಮತ್ತು ಎರಡು ಕೋಣೆ, ಹಿಂದೆ ಬಟ್ಟೆ ಒಗೆಯುವ ಅಂಗಳ. ಹೋಟೆಲಿನ ಹೊದಿಕೆ, ಆಫೀಸಿನವರ ಅಂಗಿ, ಜೊತೆಗೆ ಮೂಲೆಯ ಚರ್ಚಿನ ಬಟ್ಟೆ. ತಮ್ಮ ಒಗೆಯುತ್ತಾನೆ, ಅವಳು ಇಸ್ತ್ರಿ ಹಾಕುತ್ತಾಳೆ. ತಮ್ಮ ಅಂದರೆ ಬರೀ ತಮ್ಮನಲ್ಲ. ಅಮ್ಮ ಅವನನ್ನು ಹೆತ್ತು ಕಣ್ಣು ಮುಚ್ಚಿದಾಗ ಇವಳಿಗೆ ಹದಿನೇಳು. ಅಪ್ಪ ಗೋಡೆಗೊರಗಿ ಕೂತವರು ಮತ್ತೆ ಸರಿಯಾಗಿ ಏಳಲೇ ಇಲ್ಲ. ಚರ್ಚಿನಲ್ಲಿ ಮಗುವಿಗೆ ಜ್ಞಾನಸ್ನಾನ ಮಾಡಿಸುವಾಗ ಜ್ಞಾನತಾಯಿ ಅಂತ ಒಬ್ಬಳು ಬೇಕು, ಮಾತು ಬಾರದ ಮಗುವಿನ ಪರವಾಗಿ ಗುರುಗಳಿಗೆ ಉತ್ತರ ಕೊಡುವವಳು. ಒಪ್ಪಿಕೊಂಡಿದ್ದ ಅತ್ತೆ ಆ ದಿನ ಕೈಕೊಟ್ಟಳು. “ನೀನೇ ನಿಲ್ಲಮ್ಮ” ಅಂದರು ಗುರುಗಳು. ನಿಂತಳು. ಸೈತಾನನನ್ನು ಬಿಡುತ್ತೀಯಾ ಎಂದು ಮಗುವನ್ನು ಕೇಳಿದರು, ಬಿಡುತ್ತೇನೆ ಎಂದಳು. ವಿಶ್ವಾಸ ಇಡುತ್ತೀಯಾ ಎಂದರು, ಇಡುತ್ತೇನೆ ಎಂದಳು. ತಣ್ಣೀರು ನೆತ್ತಿಗೆ ಬಿದ್ದದ್ದೇ ತಡ, ಮಗು ಸೂರು ಹಾರಿಹೋಗುವ ಹಾಗೆ ಕಿರುಚಿತು. ಒಂದು ಟವೆಲ್ ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ತಲೆಗೆ ಹೊದ್ದಿದ್ದ ಬಟ್ಟೆಯನ್ನೇ ಎಳೆದು ಅವನ ತಲೆ ಒರೆಸಿದಳು. ಅಂದಿನಿಂದ ಅಕ್ಕನೂ ಅವಳೇ, ಅಮ್ಮನೂ ಅವಳೇ. ಮದುವೆ ಗಿದುವೆ ಅಂತ ಮನೆಗೆ ಬಂದ ಮಾತುಗಳೆಲ್ಲ ಅವಳ ಕಂಕುಳಲ್ಲಿದ್ದ ಕೂಸನ್ನು ನೋಡಿ ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋದವು.

ಹುಡುಗನಿಗೆ ತಲೆಗೆ ನೀರು ಅಂದರೆ ಪ್ರಾಣಭಯ. ಸ್ನಾನಕ್ಕೆ ಕರೆದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದ. ಕಡೆಗೆ ಅವಳೇ ಒಂದು ಉಪಾಯ ಕಂಡುಹಿಡಿದಳು. “ಮೊದಲು ಶಿಲುಬೆ ಗುರುತು ಹಾಕ್ಕೋ ಪುಟ್ಟ, ಆಮೇಲೆ ನೀರು ನಿನಗೇನೂ ಮಾಡಲ್ಲ” ಎಂದು ಅವನ ಒದ್ದೆ ಕೈ ಹಿಡಿದು ಹಣೆಗೆ, ಎದೆಗೆ, ಎಡ ಹೆಗಲಿಗೆ, ಬಲ ಹೆಗಲಿಗೆ ಮುಟ್ಟಿಸುವಳು. ಮುಟ್ಟಿಸುತ್ತ ಮುಟ್ಟಿಸುತ್ತ ಅದು ಕೈಗೇ ಅಂಟಿಕೊಂಡಿತು. ಮೀಸೆ ಬಂದ ಮೇಲೂ ಅಷ್ಟೆ, ಅಂಗಳದ ನಲ್ಲಿಗೆ ತಲೆಯೊಡ್ಡಿದರೆ ಕೈ ಹಣೆಗೆ ಹೋಗುತ್ತಿತ್ತು.

ಈಗ ಹೋಗುವುದಿಲ್ಲ. ಒಂದು ವರ್ಷದ ಹಿಂದೆ ಟೈರ್ ಅಂಗಡಿಯವನ ಜೊತೆ ಅವನ ಪ್ರಾರ್ಥನಾ ಸಭೆಗೆ ಹೋದವನು ಹೊಸ ಮನುಷ್ಯನಾಗಿ ಬಂದಿದ್ದ. ಕೈ ಹಣೆಯ ತನಕ ಏಳುತ್ತದೆ, ಅಷ್ಟರಲ್ಲಿ ಸಭೆಯವರಿಗೆ ಅದು ಸಲ್ಲದೆಂದು ನೆನಪಾಗಿ ಹಣೆ ಕೆರೆದುಕೊಳ್ಳುತ್ತಾನೆ. ಕೆರೆದು ಕೆರೆದು ಹುಬ್ಬಿನ ಮೇಲೆ ಕೆಂಪಾಗಿದೆ. ಅದನ್ನು ನೋಡಿದಾಗಲೆಲ್ಲ ಅಕ್ಕನಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಸಭೆಯವರು ಅವನನ್ನು ಬ್ರದರ್ ಅನ್ನುತ್ತಾರೆ. ಇದ್ದೊಬ್ಬಳೇ ಅಕ್ಕ ಸಾಲದೆಂದು ಈಗ ಹಾಲ್ ತುಂಬ ಸಿಸ್ಟರ್‌ಗಳು.

ವಾದ ಮಾಡಿ ಮಾಡಿ ಇಬ್ಬರೂ ದಣಿದಿದ್ದರು. ಎತ್ತು ಏರಿಗೆ, ಕೋಣ ನೀರಿಗೆ.

“ಆ ಮರಿಯಮ್ಮನ ಬೊಂಬೆ ಮುಂದೆ ಮೊಂಬತ್ತಿ ಹಚ್ಬೇಡ ಅಕ್ಕ.”

“ಅಮ್ಮನ ಫೋಟೋಗೆ ಮುತ್ತು ಕೊಡ್ತೀಯಲ್ಲ, ಅದು ಕಾಗದಕ್ಕಾ, ಅಮ್ಮನಿಗಾ?”

“ಫೋಟೋ ಹತ್ರ ನಾನು ಏನೂ ಬೇಡ್ಕೊಳಲ್ಲ.”

ಅದಕ್ಕೆ ಉತ್ತರ ಹೊಳೆದದ್ದು ಮರುದಿನ, ಅದೂ ಹಾಲು ಉಕ್ಕುತ್ತಿರುವಾಗ. ಒಲೆ ಹಾಗೇ ಬಿಟ್ಟು ಅಂಗಳಕ್ಕೆ ಓಡಿದಳು. “ನನಗೋಸ್ಕರ ಪ್ರಾರ್ಥನೆ ಮಾಡಿ ಅಂತ ನಿನ್ನ ಟೈರ್ ಅಂಗಡಿಯವನನ್ನ ಕೇಳ್ಕೋತೀಯಲ್ಲ, ನಾನು ಮರಿಯಮ್ಮನನ್ನ ಕೇಳ್ಕೊಂಡ್ರೆ ತಪ್ಪೇನು?”

“ಅವನು ಬದುಕಿದಾನೆ ಅಕ್ಕ.”

“ಮರಿಯಮ್ಮ ಸತ್ತಿದಾಳಾ?”

ಅವನು ಒಗೆಯುವ ಕಲ್ಲಿನ ಕಡೆಗೆ ತಿರುಗಿದ. ಅವಳು ಗೆದ್ದಳು. ಗೆದ್ದು ಒಳಗೆ ಬಂದರೆ ಹಾಲೆಲ್ಲ ಒಲೆಯ ಪಾಲಾಗಿತ್ತು.

ಆದರೆ ತಿಂಗಳ ಹಿಂದಿನ ಜಗಳ ಹಾಗೆ ಮುಗಿಯಲಿಲ್ಲ. ಚರ್ಚಿನ ಬಲಿಪೂಜೆಯಲ್ಲಿ ಪಾತ್ರೆ ಒರೆಸುವ ಪುಟ್ಟ ಬಿಳಿ ಬಟ್ಟೆಗಳನ್ನು ಮೊದಲು ಬೇರೆ ಬೋಗುಣಿಯಲ್ಲಿ ಅದ್ದಿ ತೆಗೆಯಬೇಕು. ಆ ಮೊದಲ ನೀರು ಚರಂಡಿಗೆ ಹೋಗಕೂಡದು, ಮಣ್ಣಿಗೆ ಸೇರಬೇಕು. ಪರಮಪ್ರಸಾದದ, ಪೂಜೆಯಲ್ಲಿ ಯೇಸುವಿನ ದೇಹವಾಗುವ ರೊಟ್ಟಿಯ, ಒಂದು ಕಣ ಅದರಲ್ಲಿದ್ದರೂ ಅದು ಕರ್ತನೇ. ಅಜ್ಜಿಯ ಕಾಲದಿಂದ ಆ ನೀರು ಅಂಗಳದ ಗುಲಾಬಿ ಬುಡಕ್ಕೆ. ತಮ್ಮ ಅವತ್ತು ಬೋಗುಣಿ ಎತ್ತಿ ಬಚ್ಚಲಿಗೆ ಸುರಿದುಬಿಟ್ಟ. “ನೀರು ನೀರೇ ಅಕ್ಕ” ಎಂದ.

ಅವಳು ಬಚ್ಚಲ ಕಿಂಡಿಯ ಮುಂದೆ ಮಂಡಿಯೂರಿ ಕೂತು ಅತ್ತಳು. ಅವನು ಬಾಗಿಲಲ್ಲಿ ನಿಂತು ಕಂಗಾಲಾಗಿ ನೋಡಿದ. ತಪ್ಪಾಯ್ತು ಅನ್ನಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ. ಅಂದಿನಿಂದ ಚರ್ಚಿನ ಬಟ್ಟೆ ಅವಳೇ ಒಗೆಯುತ್ತಾಳೆ.

ಕಡೆಗೆ ಗುರುಗಳ ಹತ್ತಿರ ಹೋದಳು. ಇಸ್ತ್ರಿಯಾದ ಬಟ್ಟೆಯ ಗಂಟು ಕೊಡುವ ನೆಪ. ಗುರುಗಳು ಏಣಿಯ ಬುಡದಲ್ಲಿ ನಿಂತು ಸೋರುವ ಚಾವಣಿ ನೋಡುತ್ತಿದ್ದರು.

“ಇನ್ನೊಂದು ಸಲ ಮುಳುಗಿದ್ರೆ ಏನಾಗುತ್ತಮ್ಮ? ಏನೂ ಆಗಲ್ಲ. ಜ್ಞಾನಸ್ನಾನ ಒಂದೇ ಸಲ, ಅದು ಅಳಿಸೋದಲ್ಲ. ಸ್ನಾನ ಮಾಡ್ದ ಅಂತ ತಿಳ್ಕೊ,” ಎಂದು ಅವರು ಮತ್ತೆ ಮೇಲೆ ನೋಡಿದರು.

ಅವರ ಮಾತು ಸರಿಯೇ ಇದ್ದಿರಬೇಕು. ಆದರೆ ಅವಳ ಸಂಕಟ ಒಂದು, ಅವರು ಕೊಟ್ಟ ಔಷಧ ಇನ್ನೊಂದು. ತಮ್ಮ ಮುಳುಗುವುದಷ್ಟೇ ಆಗಿದ್ದರೆ ಹಲ್ಲು ಕಚ್ಚಿ ಸಹಿಸಬಹುದಿತ್ತು. ಆ ಒಂದು ಮಾತು, ಒಬ್ಬರೂ ಇರಲಿಲ್ಲ ಅನ್ನುವ ಮಾತು, ಊರ ಮುಂದೆ ಅವನ ಬಾಯಿಂದ ಬರಬಾರದು. ಅಷ್ಟೇ ಅವಳಿಗೆ ಬೇಕಾದದ್ದು.

ಶನಿವಾರ ಮಧ್ಯಾಹ್ನ ಅವನು ಮರುದಿನ ತೊಡಬೇಕಾದ ಬಿಳಿ ನಿಲುವಂಗಿ ತಂದು ಮೇಜಿನ ಮೇಲಿಟ್ಟ. ಅದಕ್ಕೂ ಅವಳೇ ಇಸ್ತ್ರಿ ಹಾಕಬೇಕು. ಹತ್ತಿದ ಏಣಿ ಒದೆಯುವವರನ್ನು ಅವಳು ಕಂಡಿದ್ದಳು, ಒದೆಯುವ ಮೊದಲು ಏಣಿಯ ಕೈಯಲ್ಲೇ ಚಪ್ಪಲಿ ಒರೆಸಿಸಿಕೊಂಡವರನ್ನು ಕಂಡಿರಲಿಲ್ಲ. ಆದರೂ ನೀರು ಚಿಮುಕಿಸಿ ಇಸ್ತ್ರಿ ಎಳೆದಳು. ಸುಕ್ಕು ಕಂಡರೆ ಕೈ ಸುಮ್ಮನಿರದು.

“ಆ ಒಂದು ಮಾತು ಬಿಟ್ಬಿಡೋ,” ಅಂದಳು. “ಕುಡುಕ ಅಂತ ಬೇಕಾದ್ರೆ ಹೇಳ್ಕೋ. ಕಳ್ಳ ಅಂತಾನೂ ಹೇಳ್ಕೋ. ಮನೇಲಿ ಯಾರೂ ಇರಲಿಲ್ಲ ಅನ್ಬೇಡ.”

“ನಿನ್ನ ಬಗ್ಗೆ ಅಲ್ಲ ಅಕ್ಕ ಅದು.”

“ಆ ಮನೇಲಿ ಇನ್ಯಾರಿದ್ರು? ಬೆಕ್ಕಾ?”

ಅವನು ಸ್ಟೂಲ್ ಎಳೆದು ಕೂತ. ಹುಬ್ಬು ಕೆರೆದುಕೊಂಡ. “ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡ. ಹೋದ ಭಾನುವಾರ ಚರ್ಚಲ್ಲಿ ಯಾವ ವಾಕ್ಯ ಓದಿದ್ರು?”

ಅವಳಿಗೆ ನೆನಪಾಗಲಿಲ್ಲ. ಪೀಠದ ಬಟ್ಟೆಯ ಎಡತುದಿಯಲ್ಲಿ ಗಂಜಿ ಹೆಚ್ಚಾಗಿ ಮಡಿಕೆ ಬಿದ್ದಿದ್ದು ನೆನಪಿತ್ತು. ಪೂಜೆ ಪೂರ್ತಿ ಅದನ್ನೇ ನೋಡಿದ್ದಳು.

“ನಾನೂ ಹಾಗೇ ಇದ್ದೆ,” ಎಂದ ತಮ್ಮ. “ಏಳು ಅಂದಾಗ ಎದ್ದೆ, ಕೂರು ಅಂದಾಗ ಕೂತೆ. ನಿನಗೇನು ಸಂಕಟ ಅಂತ ನನ್ನನ್ನ ಅಲ್ಲಿ ಯಾರೂ ಕೇಳ್ಲಿಲ್ಲ. ಆ ಸಭೇಲಿ ಕೇಳಿದ್ರು. ಯೇಸುವನ್ನ ಒಪ್ಕೋತೀಯಾ ಅಂತ ನನ್ನ ಮುಖ ನೋಡಿ ಕೇಳಿದ್ರು. ನಾನು ಕೂಸಾಗಿದ್ದಾಗ ಚರ್ಚಿನ ತೊಟ್ಟಿ ಹತ್ರ ಗುರುಗಳು ಕೇಳಿದಾಗ ಉತ್ತರ ಕೊಟ್ಟಿದ್ದು ಯಾರು?”

“ನಾನು.”

“ನೀನು. ಬಿಡ್ತೀನಿ ಅಂದವಳು ನೀನು, ಇಡ್ತೀನಿ ಅಂದವಳೂ ನೀನೇ. ನನ್ನ ಬಾಯಿಂದ ನಾನು ಒಂದು ಸಲ ಹೇಳ್ಬೇಕು ಅಕ್ಕ. ನಾನು ಹೊಸದಾಗಿ ಹುಟ್ಬೇಕು.”

“ಎರಡನೇ ಸಲ ಹುಟ್ಟೋಕೆ ಅಮ್ಮ ಎಲ್ಲಿದಾಳೋ?”

ಅವನ ಮುಖ ಅರಳಿಬಿಟ್ಟಿತು. “ಇದೇ ಪ್ರಶ್ನೆ ಬೈಬಲ್ ವಾಕ್ಯದಲ್ಲೂ ಒಬ್ರು ಯೇಸುವನ್ನ ಕೇಳಿದಾರೆ ಅಕ್ಕ, ದೊಡ್ಡ ವಿದ್ವಾಂಸರು.”

ಇಂಥವನ ಜೊತೆ ಜಗಳವಾಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ನಿಲುವಂಗಿಯನ್ನು ಮಡಚಿ ಅವನ ಮಡಿಲಿಗೆ ಎಸೆದಳು. ಮಾತು ಬಿಡುತ್ತೇನೆ ಎಂದು ಅವನು ಹೇಳಲಿಲ್ಲ. ಬಿಡುವುದಿಲ್ಲ ಎಂದೂ ಹೇಳಲಿಲ್ಲ.

ಭಾನುವಾರ ಪೂಜೆ ಮುಗಿಸಿಕೊಂಡು, ಹೋಗಬಾರದು ಅಂದುಕೊಂಡೇ ಹೋದಳು. ಚೀಲದಲ್ಲಿ ಟವೆಲ್ ಇತ್ತು. ಅದನ್ನು ಯಾವಾಗ ಹಾಕಿಕೊಂಡಳೋ ಅವಳಿಗೇ ತಿಳಿಯದು. ಸಭೆಯ ಹಾಲ್ ಹಿಂದಿನ ಅಂಗಳದಲ್ಲಿ ಎದೆಮಟ್ಟದ ಸಿಮೆಂಟು ತೊಟ್ಟಿ, ಸುತ್ತ ಪ್ಲಾಸ್ಟಿಕ್ ಕುರ್ಚಿ. “ಬನ್ನಿ ಸಿಸ್ಟರ್” ಎಂದು ಯಾರೋ ಮುಂದಿನ ಸಾಲಿನಲ್ಲೇ ಕೂರಿಸಿದರು. ಕೆಟ್ಟ ಜನರಲ್ಲ. ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ತಮ್ಮ ತೊಟ್ಟಿಗಿಳಿದ. ಪಾಸ್ಟರ್ ಪಕ್ಕದಲ್ಲಿ ನಿಂತು ಮೈಕ್ ಹಿಡಿದರು.

“ನಾನು ಕತ್ತಲಲ್ಲಿದ್ದೆ,” ಎಂದ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಅಕ್ಕ ಅವನ ಕಣ್ಣಿಗೆ ಬಿದ್ದಳು. ಕುಡಿತದ ಮಾತು ಹಾರಿಹೋಯಿತು. “ನನ್ನ ಮನೆಯಲ್ಲಿ...” ಎಂದು ನಿಂತ. ನೀರು ತೊಟ್ಟಿಯ ಅಂಚಿಗೆ ಬಡಿಯುವ ಸದ್ದಷ್ಟೇ ಕೇಳುತ್ತಿತ್ತು.

“ಹೇಳಿ ಬ್ರದರ್,” ಎಂದರು ಪಾಸ್ಟರ್ ಮೆಲ್ಲಗೆ.

“ನನ್ನ ಮನೆಯಲ್ಲಿ ನನ್ನನ್ನು ಯೇಸುವಿನ ಬಳಿಗೆ ಕರೆದುಕೊಂಡು ಹೋದವರು... ಒಬ್ಬರೂ ಇರಲಿಲ್ಲ.”

ನೀರು ನೋಡಿಕೊಂಡು ಹೇಳಿದ. ಆದರೂ ಹೇಳಿದ. ಜನ ಸ್ತೋತ್ರ ಎಂದರು. ಅಕ್ಕನಿಗೆ ಇಷ್ಟು ವರ್ಷ ಹಾಲು ಕಾಸಿದ್ದು, ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ್ದು, ಮಲಗುವ ಮುನ್ನ ಪಕ್ಕದಲ್ಲಿ ಕೂತು ಒಂದೊಂದೇ ಮಾತು ಹೇಳಿಕೊಟ್ಟು ಪ್ರಾರ್ಥನೆ ಮಾಡಿಸಿದ್ದು, ಎಲ್ಲ ಬಚ್ಚಲಿಗೆ ಸುರಿದ ಹಾಗಾಯಿತು. ಏಳಲೆಂದು ಚೀಲ ಎತ್ತಿಕೊಂಡಳು, ಮತ್ತೆ ಮಡಿಲಲ್ಲೇ ಇಟ್ಟುಕೊಂಡಳು.

ಪಾಸ್ಟರ್ ಅವನ ಬೆನ್ನಿಗೆ ಕೈಕೊಟ್ಟು ಹಿಂದಕ್ಕೆ ವಾಲಿಸಿದರು. ಅವನು ಪೂರ್ತಿ ಮುಳುಗಿದ. ಮೂಗಿಗೆ ನೀರು ನುಗ್ಗಿ, ಕೆಮ್ಮುತ್ತ, ಕಣ್ಣು ಮುಚ್ಚಿಕೊಂಡೇ ಮೇಲೆದ್ದ. ಎದ್ದವನ ಬಲಗೈ ಹಣೆಗೆ ಹೋಯಿತು. ಅಲ್ಲಿ ಕೆರೆಯಲು ನಿಲ್ಲಲಿಲ್ಲ. ಎದೆಗೆ ಇಳಿಯಿತು, ಎಡ ಹೆಗಲು ಮುಟ್ಟಿತು, ಬಲ ಹೆಗಲಿಗೆ ದಾಟುವಷ್ಟರಲ್ಲಿ ಪಾಸ್ಟರ್ ಮಣಿಕಟ್ಟು ಹಿಡಿದರು.

ಜನರ ಸ್ತೋತ್ರ ಅರ್ಧಕ್ಕೆ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಅಕ್ಕ ತಾನೂ ನಕ್ಕುಬಿಡುವುದರಲ್ಲಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದಂತೆ, ತೊಳೆದರೆ ಹೋಗುತ್ತದೆಯೇ? ಒಬ್ಬರೂ ಇರಲಿಲ್ಲ ಅಂದೆಯಲ್ಲೋ, ಆ ಕೈ ಹಿಡಿದು ಕಲಿಸಿದವರು ಯಾರೋ? ಮಾತು ತುಟಿಯ ತನಕ ಬಂತು. ಆಗ ಅವನು ಕಣ್ಣು ತೆರೆದ.

ಅವನ ಮುಖ ನೋಡಿ ಅವಳ ನಗು ಸತ್ತಿತು. ಹುಟ್ಟಿದ ಮೇಲೆ ಒಮ್ಮೆಯಾದರೂ ತಾನಾಗಿ ಒಂದು ಮಾತು ಹೇಳಬೇಕೆಂದು ನೀರಿಗಿಳಿದವನು ಅವನು. ಅಲ್ಲಿಗೂ ಅವಳ ಕೈ ಹೋಗಿತ್ತು. ಕುರ್ಚಿ ಬಿಟ್ಟು ಏಳದೆಯೇ ಅವನ ಪರವಾಗಿ ಅವಳು ಮತ್ತೊಮ್ಮೆ ಉತ್ತರ ಕೊಟ್ಟಿದ್ದಳು. ತನ್ನ ಕೈಯನ್ನೇ ಅವನು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದ. ಗೆದ್ದದ್ದು ಅವಳೇ, ಆದರೆ ಗೆಲುವು ನುಂಗಲಾಗಲಿಲ್ಲ.

“ಅಭ್ಯಾಸಬಲ. ಪರವಾಗಿಲ್ಲ,” ಎಂದು ಪಾಸ್ಟರ್ ನಗುತ್ತ ಅವನ ಬೆನ್ನು ತಟ್ಟಿದರು. ಜನ ಹಾಡು ಎತ್ತಿಕೊಂಡರು.

ಅವನು ಮೆಟ್ಟಿಲು ಹತ್ತಿ ನಡುಗುತ್ತ ಅವಳ ಮುಂದೆ ಬಂದು ನಿಂತ. ನಿಲುವಂಗಿ ಮೈಗಂಟಿತ್ತು, ಅವಳು ಹಾಕಿದ ಇಸ್ತ್ರಿಯ ಗೆರೆ ಒಂದೂ ಉಳಿದಿರಲಿಲ್ಲ.

“ಯಾಕೆ ಬಂದೆ ಅಕ್ಕ?” ಎಂದ. ಗದರಿದ್ದಲ್ಲ, ಸೋತ ಧ್ವನಿ.

ಅವಳು ಟವೆಲ್ ತೆಗೆದು, ರೂಢಿಯಂತೆ, ಅವನ ತಲೆಗೆ ಎರಡೂ ಕೈ ಎತ್ತಿದಳು.

“ಕೊಡು. ನಾನೇ ಒರೆಸ್ಕೋತೀನಿ.”

ಕೊಟ್ಟಳು. ಅವನು ತಲೆ ಒರೆಸಿಕೊಂಡ, ಮುಖ ಒರೆಸಿಕೊಂಡ. ಕಿವಿಯ ಹಿಂದೆ ಎಂದಿನಂತೆ ಬಿಟ್ಟ. ಅಲ್ಲಿಂದ ನೀರು ಕುತ್ತಿಗೆಗೆ ಇಳಿಯುತ್ತಿತ್ತು. ಅಕ್ಕ ಅದನ್ನು ನೋಡುತ್ತ, ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡು ನಿಂತಳು.