ಮಂಗಳವಾರದ ರಸ್ತೆ

ಕೊಕ್ಕೆಯಿಂದ ಟ್ರೇಲರನ್ನು ಬಿಡಿಸಿ ಪಕ್ಕಕ್ಕೆ ತಳ್ಳಿದ ಚಿಕ್ಕಸ್ವಾಮಿ, ನೆಲಕ್ಕೆ ಗೋಣಿಚೀಲ ಹಾಸಿ, ದೊಡ್ಡ ಗಾಡಿಯ ಹಿಂಭಾಗದಡಿ ಜಾಕಿ ನೂಕಿದ. ಟ್ರೇಲರಿಗೆ ಕಟ್ಟಿದ್ದ ಬಾಳೆಕಂದು ಅಲ್ಲಾಡಿ ಒಂದಷ್ಟು ಚೆಂಡುಹೂವು ಉದುರಿದವು.

"ಲೇ, ತಲೆಗಿಲೆ ಕೆಟ್ಟದೇನ್ಲಾ ನಿಂಗೆ?" ಸತ್ತ ಹುಚ್ಚಣ್ಣನ ಅಣ್ಣ ಶಿವಲಿಂಗಯ್ಯ ಕೂಗಿದರು. "ಸಿಂಧಘಟ್ಟದ ಹೊಲದಲ್ಲಿ ಗುಣಿ ತೋಡ್ಕೊಂಡು ಕಾಯ್ತಾವ್ರೆ. ನೀನು ನೋಡುದ್ರೆ ಗಾಡಿ ಬಿಚ್ತಾ ಕೂತಿದ್ದೀಯಲ್ಲ!"

"ಒಂದ್ ಗಂಟೆ ಕೊಡಿ ಶಿವಲಿಂಗಣ್ಣ. ಈಗಿರೋ ಸ್ಪ್ರಿಂಗು ಗಟ್ಟಿ, ಎತ್ತೆತ್ತಿ ಹಾಕ್ತದೆ. ಅಕ್ಕ ಬರ್ಬೇಕಲ್ಲ."

"ಆಯಮ್ಮ ಎಲ್ಲಿಗ್ಲಾ ಬಂದಾಳು? ಓದ ತಿಂಗಳು ಊರಬ್ಬಕ್ಕೆ ಅಂತ ಇದೇ ಗಾಡೀಲಿ ಒಂಟು, ಅರ್ಧ ದಾರೀಲೇ ಪ್ರಾಣ ಹೋಯ್ತದೆ ಅಂತ ವಾಪಸ್ ಬರ್ಲಿಲ್ವಾ? ಬೆನ್ನುಮೂಳೆ ಮುರ್ದೋಳು. ಇಲ್ಲೇ ಕೈ ಮುಗೀಲಿ ಬುಡು."

ಜಗಲಿಯ ಮೇಲೆ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ಹುಚ್ಚಣ್ಣ ಕುರ್ಚಿಯಲ್ಲಿ ಕುಳಿತಿದ್ದ. ಭಜನೆಯವರು ಪದ ನಿಲ್ಲಿಸಿ, ಕೈಯಲ್ಲಿ ತಾಳ ಹಿಡಿದೇ ಇತ್ತ ನೋಡಿದರು. ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದ ಸಿದ್ದಲಿಂಗಮ್ಮ ಗಂಡನ ಪಾದದ ಮೇಲಿನ ಕೈ ತೆಗೆಯಲಿಲ್ಲ.

"ನಾನು ಬತ್ತೀನಿ ಭಾವ. ನನ್ನ ಬುಟ್ಟು ಮಣ್ಣು ಮಾಡ್ಬ್ಯಾಡಿ. ದಾರೀಲಿ ಸತ್ರೆ ಸಾಯ್ತೀನಿ. ಎರಡ್ನೇ ಸಲ ಗುಣಿ ತೋಡೋ ಕೆಲ್ಸ ತಪ್ತು ಅನ್ಕೊಳ್ಳಿ."

ಶಿವಲಿಂಗಯ್ಯ ಜಾಕಿಯ ಹತ್ತಿರದಿಂದ ಪಕ್ಕಕ್ಕೆ ಸರಿದರು. ಭಜನೆಯವರು ಮತ್ತೆ ತಾಳ ತಟ್ಟಿದರು.

*

ಆ ಗಾಡಿಯನ್ನು ಕೃಷ್ಣರಾಜಪೇಟೆಯ ಸುತ್ತ ಅರಿಯದವರಿರಲಿಲ್ಲ. ಮೈಸೂರಿನ ಸಿರಿವಂತರೊಬ್ಬರು ಓಡಿಸಿ ಬಿಟ್ಟ ಪರದೇಶದ ವಾಹನ, ಆನೆಮರಿಯಂಥದ್ದು. ದಾರಿಯಲ್ಲಿ ಕೆಟ್ಟು ನಿಂತ ಕಾರುಗಳನ್ನು ಎಳೆದು ತರಲೆಂದೇ ಹುಚ್ಚಣ್ಣ ಅದನ್ನು ಕೊಂಡಿದ್ದ. ಅದಕ್ಕೆ ಸ್ಪ್ರಿಂಗೇ ಇರಲಿಲ್ಲ. ನಾಲ್ಕು ಚಕ್ರಕ್ಕೆ ನಾಲ್ಕು ರಬ್ಬರಿನ ಗಾಳಿಚೀಲ, ಗಾಳಿ ತುಂಬಲು ಒಂದು ಪಂಪು, ಇಷ್ಟು ಏಳು ಇಷ್ಟು ಇಳಿ ಎಂದು ಅಪ್ಪಣೆ ಕೊಡಲು ಒಂದು ಕಂಪ್ಯೂಟರಿನ ಡಬ್ಬಿ. ಒಂದು ದಿನ ಪಾಂಡವಪುರದಲ್ಲಿ, ಕಬ್ಬಿನ ಟ್ರಾಕ್ಟರುಗಳ ಸಾಲಿನ ನಡುವೆ, ಕೊಕ್ಕೆಗೆ ಕಾರು ಕಟ್ಟಿಕೊಂಡಿದ್ದಾಗಲೇ ಹಿಂದಿನ ಚೀಲಗಳ ಗಾಳಿ ಹೋಯಿತು.

"ಅಣ್ಣೋ, ಎಮ್ಮೆ ಮಲಕ್ಕಂತು" ಎಂದಿದ್ದ, ಹುಚ್ಚಣ್ಣನ ರಿಪೇರಿ ಶೆಡ್ಡಿನಲ್ಲಿ ಕೆಲಸಕ್ಕಿದ್ದ ಚಿಕ್ಕಸ್ವಾಮಿ.

ಆ ವಾರವೇ ಹುಚ್ಚಣ್ಣ ಚೀಲ, ಪಂಪು, ಡಬ್ಬಿ ಎಲ್ಲವನ್ನೂ ಕಿತ್ತು ಕಬ್ಬಿಣದ ಸುರುಳಿ ಸ್ಪ್ರಿಂಗು ಕೂರಿಸಿದ. "ಗಾಳಿ ನಂಬ್ಕೊಂಡು ಭಾರ ಎಳೀಬಾರ್ದು ಕಣ್ಲಾ" ಎಂದ. ಡಬ್ಬಿ ಕಾಣುತ್ತಿಲ್ಲವೆಂದು ಸ್ಟೇರಿಂಗಿನ ಹಿಂದೆ ಸದಾ ಉರಿಯುತ್ತಿದ್ದ ಹಳದಿ ದೀಪದ ಮೇಲೆ ಮಾದಪ್ಪನ ಸ್ಟಿಕರು ಅಂಟಿಸಿದ.

ಮುಂದಿನ ವರ್ಷ ಸಿದ್ದಲಿಂಗಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಪ್ರತಿ ಮಂಗಳವಾರ ಮೈಸೂರಿನ ಆಸ್ಪತ್ರೆಗೆ ಹೋಗಬೇಕಾಯಿತು. ಮೊದಲ ಮಂಗಳವಾರ ಆಕೆ ಶ್ರೀರಂಗಪಟ್ಟಣ ದಾಟುವವರೆಗೂ ಸೆರಗು ಕಚ್ಚಿಕೊಂಡೇ ಇದ್ದಳು. ಭಾರ ಎಳೆಯುವ ಸ್ಪ್ರಿಂಗು, ಹೆಂಡತಿಯ ಬೆನ್ನಿಗೆ ಕರುಣೆ ತೋರಲಿಲ್ಲ.

ಮುಂದಿನ ಸೋಮವಾರ ಸಂಜೆ ಹುಚ್ಚಣ್ಣ ಎಲ್ಲಿಂದಲೋ ಒಂದು ಜೊತೆ ಮೆತ್ತನೆಯ ಸ್ಪ್ರಿಂಗು ತಂದು ಹಿಂದಿನ ಚಕ್ರಗಳಿಗೆ ಹಾಕಿದ. ಬುಧವಾರ ಬೆಳಿಗ್ಗೆ ಅದನ್ನು ಬಿಚ್ಚಿ ಮತ್ತೆ ಗಟ್ಟಿಯದನ್ನು ಕೂರಿಸಿದ. ಹೀಗೇ ಹನ್ನೊಂದು ತಿಂಗಳು.

"ಮೆತ್ತಗಿರೋದನ್ನೇ ಬುಟ್ಬುಡಣ್ಣ" ಎಂದು ಚಿಕ್ಕಸ್ವಾಮಿ ಅಂದರೆ, "ಆಮೇಲೆ ಕಾರು ಎಳೆಯಾಕೆ ನಿಮ್ಮಪ್ಪ ಬತ್ತಾನಾ?" ಎನ್ನುತ್ತಿದ್ದ. ಆಮೇಲೆ ದನಿ ತಗ್ಗಿಸಿ, "ಅವಳಿಗೆ ಯೇಳ್ಬ್ಯಾಡ ಕಣ್ಲಾ. ವಾರವಾರ ನಾನು ಗಾಡಿ ಕೆಳಗೆ ಮಲಗ್ತೀನಿ ಅಂತ ಗೊತ್ತಾದ್ರೆ ಆಸ್ಪತ್ರೆಗೇ ಒಲ್ಲೆ ಅಂತಾಳೆ."

ಸಿದ್ದಲಿಂಗಮ್ಮನಿಗೆ ತಿಳಿದದ್ದು ಇಷ್ಟೇ. "ಮಂಗಳವಾರ ಆದ್ರೆ ರೋಡು ಚೆನ್ನಾಗಿರ್ತದೆ ಕಣಪ್ಪ. ಶಿವ ಕಣ್ಬುಟ್ಟವ್ನೆ" ಎಂದು ಚಿಕ್ಕಸ್ವಾಮಿಗೆ ಹೇಳುತ್ತಿದ್ದಳು. ಆ ಬೆಳಿಗ್ಗೆ ಮಾತ್ರ ಗಂಡನನ್ನು ಬೈಯದೆ ಬಿಡುತ್ತಿರಲಿಲ್ಲ. "ಡಾಕ್ಟ್ರು ಮುಂದೆ ಇದೇ ಕರಿ ಉಗುರಾ? ಒಸಿ ತಿಕ್ಕೊಳ್ಳಾಕೆ ಏನ್ ಬಂದೈತೆ ನಿಮ್ಗೆ?"

ಹೋದ ತಿಂಗಳ ಊರಹಬ್ಬ ಬಂದದ್ದು ಭಾನುವಾರ. ಅಂದು ಗಾಡಿ ಎಳೆಯುವ ಕರೆಗಳ ನಡುವೆ ಸ್ಪ್ರಿಂಗು ಬದಲಿಸಲು ಹುಚ್ಚಣ್ಣನಿಗೆ ಹೊತ್ತು ಸಿಗಲಿಲ್ಲ. ಈ ಬುಧವಾರವೂ ಎಂದಿನಂತೆ ಗಟ್ಟಿಯದನ್ನು ಕೂರಿಸಿದ. ಗುರುವಾರ ಮಧ್ಯಾಹ್ನ ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಕುಸಿದ.

*

ಎರಡನೆಯ ಸ್ಪ್ರಿಂಗು ತನ್ನ ಜಾಗದಲ್ಲಿ ಕೂತಿತು. ಟ್ರೇಲರನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿದರು. ಹುಚ್ಚಣ್ಣನನ್ನು ಕುರ್ಚಿ ಸಮೇತ ಏರಿಸಿ, ಹಿಡಿದುಕೊಳ್ಳಲು ಇಬ್ಬರು ಹತ್ತಿದರು. ಭಜನೆಯವರೂ ಹತ್ತಲು ಬಂದಾಗ ಚಿಕ್ಕಸ್ವಾಮಿ ಕೈ ಅಡ್ಡ ಹಿಡಿದ.

"ನಿಮ್ಮ ಹೊಟ್ಟೆ ನೋಡ್ಕೊಳ್ರಪ್ಪ. ಟೆಂಪೋದಲ್ಲಿ ಬನ್ನಿ. ಮೆತ್ತನೆ ಸ್ಪ್ರಿಂಗು, ತಡೆಯಲ್ಲ."

ಗಾಡಿಯ ಹಿಂಭಾಗ, ಮಂಡಿಯೂರಿದ ಬಸವನಂತೆ, ತುಸು ತಗ್ಗಿ ನಿಂತಿತು.

ನಡುವಿನ ಸೀಟಿನಲ್ಲಿ ಸಿದ್ದಲಿಂಗಮ್ಮ, ಪಕ್ಕದಲ್ಲಿ ನೆರೆಮನೆಯ ಮಂಚಮ್ಮ. ಟಾರು ಮುಗಿದು ಹೊಲದ ದಾರಿ ಶುರುವಾದಾಗ ಸಿದ್ದಲಿಂಗಮ್ಮ ಸೆರಗಿನ ತುದಿಯನ್ನು ಹಲ್ಲಿಗೆ ಸಿಕ್ಕಿಸಿ ಕಣ್ಣು ಮುಚ್ಚಿದ್ದನ್ನು ಚಿಕ್ಕಸ್ವಾಮಿ ಕನ್ನಡಿಯಲ್ಲಿ ಕಂಡ. ಒಂದು ಹಳ್ಳ ಬಂತು. ಇನ್ನೊಂದು. ಗಾಡಿ ತೊಟ್ಟಿಲಿನ ಹಾಗೆ ಇಳಿದು ಎದ್ದಿತು. ಸೆರಗು ಹಲ್ಲಿನಿಂದ ಜಾರಿತು.

"ನೋವಾಯ್ತಾ ಅಕ್ಕ?"

"ಇಲ್ಲ ಕಣಪ್ಪ." ತುಸು ದೂರ ಹೋದ ಮೇಲೆ ಕೇಳಿದಳು, "ಇವತ್ತು ಯಾವ ವಾರ ಚಿಕ್ಕಸ್ವಾಮಿ?"

"ಶುಕ್ರವಾರ ಅಕ್ಕ."

ಕನ್ನಡಿಯಲ್ಲಿ ಆಕೆಯ ನೋಟ ಅವನ ಮುಖದಿಂದ ಮೆಲ್ಲಗೆ ಇಳಿದು, ಸ್ಟೇರಿಂಗಿನ ಮೇಲಿದ್ದ ಕಪ್ಪು ಬೆರಳುಗಳಿಗೆ ಬಂದು ನಿಂತಿತು. ಹೊಲ ಮುಟ್ಟುವವರೆಗೂ ಅಲ್ಲಿಂದ ಕದಲಲಿಲ್ಲ.

ಹುಚ್ಚಣ್ಣನನ್ನು ಗುಣಿಯಲ್ಲಿ ಕೂರಿಸಿ, ಬಿಲ್ವಪತ್ರೆ ವಿಭೂತಿ ಹಾಕಿಯಾಯಿತು. ಮಣ್ಣು ಹಾಕುವ ಸರದಿ ಬಂದಾಗ ಸಿದ್ದಲಿಂಗಮ್ಮ ಮಂಚಮ್ಮನ ಭುಜ ಬಿಟ್ಟು ಚಿಕ್ಕಸ್ವಾಮಿಯ ಕೈ ಹಿಡಿದಳು. ಸೆರಗಿನಿಂದ ಒಂದೊಂದೇ ಬೆರಳು ಒರೆಸತೊಡಗಿದಳು.

"ಬ್ಯಾಡ ಅಕ್ಕ, ಗ್ರೀಸು. ಹೋಗಲ್ಲ ಅದು."

"ಗೊತ್ತು ಬುಡು" ಎಂದಳು. "ಅವರ ಉಗುರಿಂದು ಯಾವತ್ತು ಹೋಗಿತ್ತು?"

"ಸೀರೆ ಕರೆ ಆಯ್ತಲ್ಲೇ, ಒಳಕ್ಕೆ ಸಿಕ್ಕಿಸ್ಕೊ" ಎಂದು ಮಂಚಮ್ಮ ಪಿಸುಗುಟ್ಟಿದಳು.

ಸಿದ್ದಲಿಂಗಮ್ಮ ಮೂರು ಹಿಡಿ ಮಣ್ಣು ಹಾಕಿದಳು. ಆಮೇಲೆ ಐದು ಕಪ್ಪು ಬೆರಳಿನ ಗುರುತು ಹೊರಗೇ ಕಾಣುವಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.